ಕುದುರೆಯ ಎಡಮಗ್ಗುಲು

"ಬಾಲ ಬಿಡಿ ಅತ್ತಿಗೆ."

"ಮೊದಲು ನೀನು ಕಿವಿ ಬಿಡು."

ನಾಟಕ ಮಂದಿರದ ಬಟ್ಟೆಕೋಣೆಯಲ್ಲಿ, ಬೆಳಗಿನ ಹೊತ್ತು, ಇಬ್ಬರು ವಯಸ್ಸಾದವರು ಒಂದು ಕುದುರೆಯನ್ನು ಆ ಕಡೆ ಈ ಕಡೆ ಎಳೆಯುತ್ತಿದ್ದರು. ಕುದುರೆ ಎಂದರೆ ವೇದಿಕೆಯ ಹಳೆಯ ಪರದೆಯನ್ನು ಕತ್ತರಿಸಿ ಕಂದು ಮಖಮಲ್ಲಿನಲ್ಲಿ ಹೊಲಿದ ವೇಷ. ಇಬ್ಬರು ಒಳಗೆ ಹೊಕ್ಕರೆ ಅದಕ್ಕೆ ನಾಲ್ಕು ಕಾಲು, ಜೀವ, ಹಟ ಎಲ್ಲ ಬರುತ್ತಿತ್ತು. ಗೂಟಕ್ಕೆ ನೇತುಹಾಕಿದರೆ ಒಣಗಲು ಹಾಕಿದ ಕಂಬಳಿ.

ತಲೆಯ ಕಡೆ ಹಿಡಿದಿದ್ದ ಎತ್ತರದ ಮನುಷ್ಯನನ್ನು ಮಂದಿರದಲ್ಲಿ ಎಲ್ಲರೂ ಮುಂಗಾಲು ಎಂದೇ ಕರೆಯುತ್ತಿದ್ದರು. ಮಕ್ಕಳ ನಾಟಕದ ಆ ಕುದುರೆಯ ಮುಂದಿನ ಅರ್ಧ ಅವನು. ಮೂವತ್ತು ವರ್ಷಕ್ಕೂ ಮೇಲಾಯಿತು. ಬಾಲದ ಕಡೆ ಹಿಡಿದಿದ್ದವಳು ಮಂದಿರದ ದರ್ಜಿ. ಕುದುರೆಯನ್ನು ಹೊಲಿದವಳು, ಹರಿದಾಗಲೆಲ್ಲ ತೇಪೆ ಹಾಕಿದವಳು, ಅದರ ಹಿಂದಿನ ಅರ್ಧವನ್ನು ಮದುವೆಯಾದವಳು. ಆ ಹಿಂದಿನ ಅರ್ಧ, ಎಲ್ಲರ ಬಾಯಲ್ಲೂ ಹಿಂಗಾಲು, ಮೊನ್ನೆ ಆಟ ಮುಗಿಸಿ ಮನೆಗೆ ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು, "ಇವತ್ತು ಒದೆ ಚೆನ್ನಾಗಿ ಬಿತ್ತು ಕಣೇ" ಎಂದು ಹೇಳಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇಂದು ಮಧ್ಯಾಹ್ನ ಅವನನ್ನು ಮಣ್ಣು ಮಾಡುವುದಿತ್ತು.

"ಇದು ಅವನ ಜೊತೆ ಹೋಗಬೇಕು, ಪೆಟ್ಟಿಗೆ ಒಳಗೆ. ಮಂದಿರದ ಯಜಮಾನ್ರೂ ಒಪ್ಪಿದ್ದಾರೆ," ಎಂದ ಮುಂಗಾಲು.

"ಯಜಮಾನ್ರು ಯಾವುದಕ್ಕೆ ಒಪ್ಪಲ್ಲ ಹೇಳು? ಕೊನೆಗೆ ಯಾರು ಎದುರಿಗೆ ನಿಂತಿರ್ತಾರೋ ಅವರ ಮಾತೇ ಇವರ ಮಾತು. ಈಗ ನಾನು ಹೋಗಿ ನಿಂತ್ರೆ ನನಗೂ ಹೂಂ ಅಂತಾರೆ."

"ತಮಾಷೆ ಅಲ್ಲ ಅತ್ತಿಗೆ. ಇನ್ನು ನಾನು ಇದರೊಳಗೆ ಕಾಲಿಡಲ್ಲ. ಬೇರೆ ಯಾವನನ್ನೋ ಬೆನ್ನಿಗೆ ಅಂಟಿಸ್ಕೊಂಡು ಕುಣಿ ಅಂದ್ರೆ ನನ್ನಿಂದ ಆಗಲ್ಲ. ಕುದುರೆ ಮುಗೀತು."

"ಅರ್ಧ ಮುಗೀತು. ಇನ್ನರ್ಧ ನನ್ನೆದುರಿಗೆ ನಿಂತು ವಾದ ಮಾಡ್ತಾ ಇದೆ."

ಅವನ ಕೈ ಸಡಿಲವಾಯಿತು. ಅವಳು ಬಾಲದ ಸಮೇತ ಹಿಂದಕ್ಕೆ ಮುಗ್ಗರಿಸಿ ಬಟ್ಟೆಯ ಟ್ರಂಕಿನ ಮೇಲೆ ಕೂತುಬಿಟ್ಟಳು. ಕುದುರೆ ಅವಳ ಮಡಿಲಲ್ಲಿ ಬಿತ್ತು. ಇಬ್ಬರಿಗೂ ನಗು ಬಂತು. ಇಂಥ ದಿನ ನಗು ಬಂತಲ್ಲ ಎಂದು ನಾಚಿ ಒಬ್ಬರು ಕಿಟಕಿಯ ಕಡೆ, ಒಬ್ಬರು ಗೋಡೆಯ ಕಡೆ ನೋಡಿದರು.

ಕುದುರೆಯ ಎಡ ಹೊಟ್ಟೆಯ ಮೇಲೆ ಅಂಗೈಯಗಲದ ಒಂದು ಬಿಳಿ ಮಚ್ಚೆಯಿತ್ತು. ಅವಳ ಕೈ ತಾನಾಗಿ ಅದರ ಮೇಲೆ ಹೋಗಿ ಕೂತಿತು.

"ಒಂದು ಮಾತು ಹೇಳಿದ್ರೆ ನೀನು ಈಗಲೇ ಸುಮ್ಮನಾಗ್ತೀಯ. ಆದ್ರೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಮಣ್ಣಾಗೋವರೆಗೂ ಬಾಯಿ ಬಿಡಲ್ಲ."

"ಯಾರಿಗೆ ಕೊಟ್ಟಿದ್ದು?"

"ಇನ್ಯಾರಿಗೆ?"

ಅಷ್ಟರಲ್ಲಿ ಮಗಳು ಬಾಗಿಲಲ್ಲಿ ಬಂದು ನಿಂತಳು. ಸಿಟಿ ಬಸ್ಸು ಓಡಿಸುವವಳು; ದಾರಿಗೆ ಅಡ್ಡ ಬಂದವರನ್ನು ದಬಾಯಿಸದೆ ಸರಿಸುವುದು ಅವಳಿಗೆ ಅಭ್ಯಾಸ.

"ಏನಮ್ಮಾ ಇದು, ಸೊಂಟ ಮುರ್ಕೊಂಡು ಇವತ್ತೇ ಅಪ್ಪನ ಹಿಂದೆ ಹೊರಡ್ತೀಯಾ? ಚಿಕ್ಕಪ್ಪಾ, ನೀವೂ ಅಷ್ಟೇ. ಕುದುರೇನ ಪೆಟ್ಟಿಗೆ ಮೇಲೆ ಹೊದಿಸ್ಕೊಂಡು ಹೋಗೋಣ. ದಾರಿ ಉದ್ದಕ್ಕೂ ಇಬ್ರೂ ಯೋಚನೆ ಮಾಡಿ. ಅಲ್ಲಿಗೆ ಹೋದ ಮೇಲೆ ಒಳಗೋ ಹೊರಗೋ ನೋಡೋಣ."

"ಒಳಗೆ," ಎಂದ ಮುಂಗಾಲು.

"ಹೊರಗೆ," ಎಂದಳು ತಾಯಿ, ಎದ್ದು ಕುದುರೆಯ ಮೇಲಿನ ಧೂಳು ಕೊಡವುತ್ತ.

*

ಹಿಂಗಾಲು ಈ ಮಂದಿರಕ್ಕೆ ಬಂದದ್ದು ರಾಜನಾಗಲು.

ಆಗ ಅವನು ಬೆಳಿಗ್ಗೆ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದ. ಪೆಡಲು ತುಳಿಯುತ್ತಲೇ ರಾಜರ ಮಾತು ಬಾಯಿಪಾಠ ಮಾಡುತ್ತಿದ್ದ. ಹಾಲು ಬಂತೆಂದು ಬೀದಿಯವರಿಗೆ ತಿಳಿಯುತ್ತಿದ್ದುದು ಸೈಕಲ್ಲಿನ ಗಂಟೆಯಿಂದಲ್ಲ, ಗರ್ಜನೆಯಿಂದ. ಯಜಮಾನರ ಮುಂದೆ ನಿಂತ ದಿನ ಯುದ್ಧಕ್ಕೆ ಹೊರಡುವ ರಾಜನ ಇಡೀ ಭಾಷಣವನ್ನು ಉಸಿರು ಬಿಡದೆ ಒಪ್ಪಿಸಿದ. ಯಜಮಾನರಿಗೆ ಆಗಿನ್ನೂ ಕಪ್ಪು ಮೀಸೆ. ಕೊನೆಯವರೆಗೂ ಕಣ್ಣುಮುಚ್ಚಿ ಕೇಳಿ, ಕಣ್ಣು ತೆರೆದು ಹೇಳಿದರು:

"ಕಾಲು ಚೆನ್ನಾಗಿವೆ."

"ಕಾಲಾ ಸಾರ್?"

"ಸೈಕಲ್ ತುಳಿದು ತುಳಿದು ಗಟ್ಟಿಯಾಗಿವೆ. ರಾಜರು ನನ್ನ ಹತ್ರ ಬೇಕಾದಷ್ಟಿದ್ದಾರಪ್ಪ. ಕಾಲುಗಳಿಗೇ ಬರ."

ಅದೇ ದಿನ ವಿದೂಷಕನ ಪಾತ್ರ ಕೇಳಿಕೊಂಡು ಬಂದ ಇನ್ನೊಬ್ಬ ಮೂಲೆಯಲ್ಲಿ ನಿಂತಿದ್ದ. ಕೈ ಚಾಚಿದರೆ ದೀಪದ ಕಂಬಿ ಮುಟ್ಟುವಷ್ಟು ಉದ್ದ. ಯಜಮಾನರು ಉದ್ದದವನನ್ನು ಮುಂದೆ ನಿಲ್ಲಿಸಿದರು, ಗಿಡ್ಡನನ್ನು ಹಿಂದೆ ಬಗ್ಗಿಸಿದರು, ಮೇಲೆ ಒಂದು ಜಮಖಾನ ಹೊದಿಸಿದರು. "ನಡೀರಿ" ಎಂದರು. ನಡೆದರು. ಗೋಡೆಗೆ ಹೋಗಿ ಢೀ ಕೊಟ್ಟರು. ಮೂಲೆಯಲ್ಲಿ ಕೂತು ಗುಂಡುಸೂಜಿ ಹೆಕ್ಕುತ್ತಿದ್ದ ದರ್ಜಿ ಹುಡುಗಿ ಬಿದ್ದು ಬಿದ್ದು ನಕ್ಕಳು. ಹಿಂಗಾಲಿಗೆ ಆ ನಗು ಜಮಖಾನದೊಳಗಿಂದ ಕೇಳಿಸಿತು. ಮುಖ ನೋಡಬೇಕೆಂದು ತಲೆ ಹೊರಗೆ ಹಾಕಿದ. ಅವನು ರಾಜನಾಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಕುದುರೆಯೊಳಗೆ ಮಾತಾಡುವಂತಿರಲಿಲ್ಲ, ಮುಂದಿನ ಸಾಲಿನ ಮಕ್ಕಳಿಗೆ ಕೇಳಿಬಿಡುತ್ತದೆ. ಅದಕ್ಕೆ ಇಬ್ಬರೂ ಬೆಲ್ಟಿನ ಭಾಷೆ ಮಾಡಿಕೊಂಡರು. ಹಿಂಗಾಲು ಬಗ್ಗಿ ಮುಂಗಾಲಿನ ಸೊಂಟದ ಬೆಲ್ಟು ಹಿಡಿದಿರುತ್ತಿದ್ದ. ಒಂದು ಸಲ ಎಳೆದರೆ ನಿಲ್ಲು. ಎರಡು ಸಲ ಎಳೆದರೆ ನಡೆ. ಮೂರು ಸಲ ಎಳೆದರೆ, ಗಟ್ಟಿಯಾಗಿ ಊರಿಕೋ, ಮಂತ್ರಿಗೆ ಒದೆಯುತ್ತೇನೆ. ವೇದಿಕೆಗೆ ಕಾಲಿಡುವ ಮುಂಚೆ ಬೆಲ್ಟನ್ನು ಒಮ್ಮೆ ಮೆಲ್ಲಗೆ ಅದುಮಿದರೆ ಅದರ ಅರ್ಥ ಇಷ್ಟೇ: ಇದ್ದೀನಿ.

ಮುಂಗಾಲಿಗೆ ಕುದುರೆಯ ಬಾಯಿಯಿಂದ ಬೆಳಕು ಬರುತ್ತಿತ್ತು. ಎಡವದಿರಲು ನೆಲದ ಸೀಮೆಸುಣ್ಣದ ಗುರುತು ನೋಡಿಕೊಂಡು ನಡೆಯುತ್ತಿದ್ದ. ತಲೆಯೆತ್ತಿದರೆ ಎದುರಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಆದರೂ ಬೆಳಕು ಬೆಳಕೇ. ಹಿಂದಿನವನಿಗೆ ಅದೂ ಇಲ್ಲ. ಕತ್ತಲು, ಮಖಮಲ್ಲಿನ ಸೆಕೆ, ಎದುರಿಗೆ ಮುಂಗಾಲಿನ ಬೆನ್ನು.

"ಮುಂದಿನ ವರ್ಷ ಅದಲು ಬದಲು ಮಾಡ್ಕೊಳ್ಳೋಣ ಕಣೋ," ಎಂದು ಮುಂಗಾಲು ಪ್ರತಿ ವರ್ಷ ಹೇಳುತ್ತಿದ್ದ.

"ಬೇಡ ಬಿಡೋ. ನಿನ್ನ ಎತ್ತರಕ್ಕೆ ನೀನು ಹಿಂದೆ ಬಗ್ಗಿದ್ರೆ ಕುದುರೆ ಹೋಗಿ ಒಂಟೆ ಆಗುತ್ತೆ," ಎಂದು ಹಿಂಗಾಲು ಪ್ರತಿ ವರ್ಷ ನಗುತ್ತಿದ್ದ.

ಅವನಿಗೆ ಒಂದೇ ಒಂದು ಹಟ. ಕುದುರೆ ಎಲ್ಲೇ ನಿಲ್ಲಲಿ, ಬೆಲ್ಟನ್ನು ಓರೆಯಾಗಿ ಎಳೆದು ಅದರ ಎಡಮಗ್ಗುಲನ್ನೇ ಸಭೆಯ ಕಡೆಗೆ ತಿರುಗಿಸುತ್ತಿದ್ದ. ಯಾಕೋ ಎಂದರೆ, "ನನ್ನ ಸೊಂಟ ಆ ಕಡೆಗೇ ತಿರುಗೋದು" ಎನ್ನುತ್ತಿದ್ದ. ಹಾಗೆ ನಿಂತಾಗಲೆಲ್ಲ ಹಿಂದಿನಿಂದ 'ಟಿಚ್' ಎಂದು ಒಂದು ಸಣ್ಣ ಸದ್ದು. ಪಾಪ, ಬಗ್ಗಿ ಬಗ್ಗಿ ಮೊಣಕಾಲಿನ ಕೀಲು ಸವೆದಿದೆ ಎಂದುಕೊಂಡು ಮುಂಗಾಲು ಆಗಾಗ ಔಷಧಿ ಅಂಗಡಿಯಿಂದ ನೋವಿನ ಎಣ್ಣೆ ತಂದುಕೊಡುತ್ತಿದ್ದ. ಹಿಂಗಾಲು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ.

*

ಪೆಟ್ಟಿಗೆಯನ್ನು ವೇದಿಕೆಯ ನಡುವೆ ಎರಡು ಸ್ಟೂಲುಗಳ ಮೇಲಿಟ್ಟಿದ್ದರು. ಮೇಲಿನ ದೀಪಗಳಲ್ಲಿ ಒಂದನ್ನು ಮಾತ್ರ ಹಚ್ಚಿದ್ದರು. ಜನ ಒಂದು ಬದಿಯ ಮೆಟ್ಟಿಲು ಹತ್ತಿ ಬಂದು, ಮುಖ ನೋಡಿ, ಹೂವಿಟ್ಟು, ಇನ್ನೊಂದು ಬದಿಯಿಂದ ಇಳಿದು ಕುರ್ಚಿಗಳಲ್ಲಿ ಕೂರುತ್ತಿದ್ದರು. ಕೂತವರು ಎದ್ದು ಹೋಗಲಿಲ್ಲ. ಆಟ ಶುರುವಾಗುತ್ತದೇನೋ ಎಂಬಂತೆ ವೇದಿಕೆಯ ಕಡೆಗೇ ಮುಖ ಮಾಡಿ ಪಿಸುಗುಟ್ಟುತ್ತಿದ್ದರು.

ಪೆಟ್ಟಿಗೆ ಮಾಡಿದವನು ಮಂದಿರದ ಬಡಗಿ. ಅದರ ಮೂಲೆಯನ್ನು ಮತ್ತೆ ಮತ್ತೆ ಸವರಿ ನೋಡುತ್ತಿದ್ದ.

"ಅರಮನೆ ಮಾಡಿದ್ದೀನಿ, ಕೋಟೆ ಮಾಡಿದ್ದೀನಿ, ಹಡಗು ಮಾಡಿದ್ದೀನಿ. ಎಲ್ಲ ಮುಂದುಗಡೆ ಮಾತ್ರ. ಹಿಂದೆ ಹೋಗಿ ನೋಡಿದ್ರೆ ನಾಲ್ಕು ಪಟ್ಟಿ, ಎರಡು ಮೊಳೆ. ಹಿಂಬದಿ ಇರೋ ಸಾಮಾನು ಅಂತ ಮಾಡಿದ್ದು ಜನ್ಮದಲ್ಲಿ ಇದೇ ಮೊದಲು."

"ಅವನಿಗೆ ಮಾಡದೆ ಇನ್ಯಾರಿಗೆ ಮಾಡ್ತೀಯ?" ಎಂದರು ರಾಣಿಯಮ್ಮ. ಎಪ್ಪತ್ತು ದಾಟಿದರೂ ನಾಟಕದಲ್ಲಿ ಇವತ್ತಿಗೂ ಅವರೇ ರಾಣಿ. ಬೇರೆಯವರು ಆ ಕಿರೀಟ ಮುಟ್ಟಿದರೆ ಮೂರು ದಿನ ಮಾತು ಬಿಡುತ್ತಾರೆ. ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಸಿಂಹಾಸನದಲ್ಲಿ ಕೂತ ಹಾಗೆಯೇ ಕೂತಿದ್ದರು. "ಒಂದು ಸಲ ಏನಾಯ್ತು ಗೊತ್ತಾ? ನನ್ನ ದೊಡ್ಡ ಮಾತು ಇರೋ ಕಡೆ ಈ ಪುಣ್ಯಾತ್ಮ ನನ್ನ ಲಂಗದ ಅಂಚಿನ ಮೇಲೆ ಕೂತುಬಿಟ್ಟ. ಕುದುರೆ ಸುಸ್ತಾಗಿ ಕೂರೋ ದೃಶ್ಯ ಅದು. ಎಳೀತೀನಿ, ಬರಲ್ಲ. ಜೋರಾಗಿ ಎಳೆದ್ರೆ ಲಂಗ ಬಿಚ್ಚಿ ಬರುತ್ತೆ. ಅಷ್ಟೂ ಮಾತು ಕಲ್ಲಿನ ಹಾಗೆ ನಿಂತಲ್ಲೇ ಹೇಳಿ ಮುಗಿಸಿದೆ. ಮಾರನೇ ದಿನ ಪೇಪರಲ್ಲಿ ಏನು ಬರೆದಿದ್ರು? 'ರಾಣಿಯ ಅಚಲ ಗಾಂಭೀರ್ಯ!'"

ಮುಂದಿನ ಸಾಲಿನವರೆಗೂ ನಗು ಹರಡಿತು. ಯಜಮಾನರು ಎದ್ದು ನಿಂತು "ಶ್..." ಎಂದರು. ಕೂರುವಾಗ ಅವರ ಭುಜಗಳೂ ಅಲುಗುತ್ತಿದ್ದವು.

ಇಸ್ತ್ರಿ ಹಾಕಿದ ಅಂಗಿಯ ಒಬ್ಬ ಮಧ್ಯವಯಸ್ಕರು ಹೂ ಹಿಡಿದು ಪೆಟ್ಟಿಗೆಯ ಮುಂದೆ ನಿಂತವರು ಸರಿಯಲೇ ಇಲ್ಲ. ಮುಖವನ್ನೇ ನೋಡಿದರು. ಆಮೇಲೆ ಮುಂಗಾಲಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಇವರು ಕುದುರೆಯಲ್ಲಿ... ಯಾವ ಭಾಗ?"

"ಹಿಂದಿನದು. ಒದೀತಿದ್ದವನು ಇವನೇ."

"ಅಯ್ಯೋ!" ಅವರು ಮತ್ತೊಮ್ಮೆ ತಿರುಗಿ ನೋಡಿದರು. "ನಾನು ಇಲ್ಲೇ ಪಕ್ಕದ ರಸ್ತೆಯಲ್ಲಿ ಹಲ್ಲಿನ ಡಾಕ್ಟರು. ಚಿಕ್ಕವನಿದ್ದಾಗ ಶಾಲೆಯಿಂದ ಕರ್ಕೊಂಡು ಬರ್ತಿದ್ರು. ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಅಂತ ಇದ್ರೆ ಇವರ ಒದೆ ನೋಡಿ. ಮುಖ ಮಾತ್ರ ಇವತ್ತೇ ನೋಡ್ತಿರೋದು."

ಮುಂಗಾಲು ದರ್ಜಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ರಾ ಅತ್ತಿಗೆ? ಅವನನ್ನ ಯಾರೂ ನೋಡ್ಲಿಲ್ಲ, ಅವನೂ ಯಾರನ್ನೂ ನೋಡ್ಲಿಲ್ಲ."

ಅವಳು ಡಾಕ್ಟರ ಮುಖವನ್ನು, ಮುಖ್ಯವಾಗಿ ಬಾಯಿಯನ್ನು, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ನೀವು ಎರಡನೇ ಸಾಲಿನ ತುದಿಯಲ್ಲಿ ಕೂರ್ತಿದ್ರಾ?"

"ಹೌದು..."

"ಹಲ್ಲಿಗೆ ತಂತಿ ಹಾಕಿಸ್ಕೊಂಡಿದ್ರಿ. ನಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ತಿದ್ರಿ. ಕುದುರೆ ಒದ್ದ ಮೇಲೆ ಮಾತ್ರ ಕೈ ತೆಗೆದುಬಿಡ್ತಿದ್ರಿ."

ಡಾಕ್ಟರ ಕೈ ತಂತಾನೇ ಬಾಯಿಯ ಹತ್ತಿರ ಹೋಯಿತು. "ನಿಮಗೆ ಹೇಗೆ ಗೊತ್ತಮ್ಮಾ?"

"ಯಾರೋ ಹೇಳಿದ್ರು," ಎಂದಳು ಅವಳು. ಸೆರಗಿನ ತುದಿಯಿಂದ ಪೆಟ್ಟಿಗೆಯ ಅಂಚಿನಲ್ಲಿ ಇಲ್ಲದ ಧೂಳನ್ನು ಒರೆಸಿದಳು.

*

ಮಗಳಿಗೆ ಆಗ ಏಳು ವರ್ಷ. ಅಮ್ಮನ ಜೊತೆ ಮಂದಿರಕ್ಕೆ ಬಂದವಳು ಅವತ್ತು ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳ ನಡುವೆ ನುಸುಳಿ ಕೂತಿದ್ದಳು. ಬೆಳಿಗ್ಗೆ ಅಪ್ಪ ಹೊಸ ಬಣ್ಣದ ಪೆನ್ಸಿಲು ಕೊಡಿಸಲಿಲ್ಲವೆಂದು ಅವಳಿಗೆ ಕೋಪ. ಕುದುರೆ ಬಂದು ಎಡಮಗ್ಗುಲು ತೋರಿಸಿ ನಿಂತಾಗ, ಅಪ್ಪ ಒಳಗೆ ಕತ್ತಲಲ್ಲಿದ್ದಾನೆ, ಏನೂ ಕಾಣುವುದಿಲ್ಲ ಎಂಬ ಧೈರ್ಯದಿಂದ, ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿ ಅದರ ಹಿಂಭಾಗಕ್ಕೆ ತೋರಿಸಿದಳು.

ಮನೆಗೆ ಬಂದ ಮೇಲೆ ಅಪ್ಪ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತ. ಅವಳು ಚೊಂಬಿನಿಂದ ನೀರು ಹುಯ್ಯುತ್ತಿದ್ದಳು.

"ಇವತ್ತು ಯಾರೋ ಕುದುರೆಗೆ ನಾಲಿಗೆ ತೋರಿಸಿದ್ರಂತೆ."

ಚೊಂಬು ನಿಂತಿತು.

"ನಾಲಿಗೆ ಮೇಲೆ ನೇರಳೆ ಬಣ್ಣ ಬೇರೆ ಇತ್ತಂತೆ. ಯಾರೋ ಅಮ್ಮನ ಕೈಚೀಲದಿಂದ ಮಿಠಾಯಿ ಕದ್ದು ತಿಂದಿರಬೇಕು."

ಅವಳು ಅಳುಮೋರೆ ಮಾಡಿ ಅಮ್ಮನ ಕಡೆ ನೋಡಿದಳು. ಅಮ್ಮ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತ ತಲೆ ತಗ್ಗಿಸಿದ್ದಳು. ಬೆನ್ನು ಮಾತ್ರ ನಗುವಿನಿಂದ ಅಲುಗುತ್ತಿತ್ತು.

"ಕುದುರೆಗೆ ಎಲ್ಲ ಕಾಣುತ್ತೆ ಮಗಳೇ," ಎಂದ ಅಪ್ಪ. "ಮೂರನೇ ಸಾಲಲ್ಲಿ ಒಂದು ಮಗು ಅಳ್ತಾ ಇತ್ತು. ಕುದುರೆನ ಯುದ್ಧಕ್ಕೆ ಕಳಿಸ್ತಾರೆ ಅಂತ ಹೆದರಿಕೆ ಅದಕ್ಕೆ. ಅದಕ್ಕೇ ಇವತ್ತು ಎರಡು ಒದೆ ಜಾಸ್ತಿ ಕೊಟ್ಟೆ. ಎರಡನೇದಕ್ಕೆ ನಕ್ಕುಬಿಡ್ತು."

ಊಟಕ್ಕೆ ಕೂತಾಗ ಹೀಗೆಯೇ ಸುದ್ದಿಗಳು. ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದ ಅವಳಿ ಮಕ್ಕಳು, ಬಿಸ್ಕತ್ತಿನ ಪೊಟ್ಟಣ ತೆರೆಯಲಾಗದೆ ಇಡೀ ಅಂಕ ಒದ್ದಾಡಿದ ಹುಡುಗಿ, ಮಕ್ಕಳಿಗಿಂತ ಜೋರಾಗಿ ನಗುವ ಮೇಷ್ಟ್ರು. ಅಪ್ಪ ಬೇರೆಯವರಿಂದ ಕೇಳಿ ತಿಳಿದು ಹೇಳುತ್ತಾನೆಂದು ಅವಳು ಬಹಳ ಕಾಲ ನಂಬಿದ್ದಳು. ಕುದುರೆಗೆ ಮಾತ್ರ ಆಮೇಲೆ ಯಾವತ್ತೂ ನಾಲಿಗೆ ತೋರಿಸಲಿಲ್ಲ.

*

ಪೆಟ್ಟಿಗೆಗೆ ನಾಲ್ಕು ಭುಜ. ಮುಂದೆ ಮುಂಗಾಲು ಮತ್ತು ಮಗಳು, ಹಿಂದೆ ಬಡಗಿ ಮತ್ತು ಪರದೆ ಎಳೆಯುವವನು. ಮೇಲೆ ಕುದುರೆಯನ್ನು ಉದ್ದಕ್ಕೆ ಹೊದಿಸಿದ್ದರು. ಮುಂದೆ ತಲೆ, ಹಿಂದೆ ಬಾಲ ಇಳಿಬಿದ್ದಿತ್ತು. ಮಂದಿರದಿಂದ ಸ್ಮಶಾನಕ್ಕೆ ಒಂದೇ ನೇರ ರಸ್ತೆ, ಎರಡು ಬದಿಗೂ ಅಂಗಡಿ, ಮೇಲೆ ಮನೆಗಳ ಬಾಲ್ಕನಿ.

ಮೊದಲು ಎಲ್ಲರೂ ಹೇಗೆ ನಡೆಯಬೇಕೋ ಹಾಗೆಯೇ ನಡೆದರು. ತಲೆ ತಗ್ಗಿಸಿ, ನಿಧಾನವಾಗಿ. ಯಜಮಾನರು ಮುಂದೆ ಕೋಲೂರಿಕೊಂಡು ಹೋಗುತ್ತಿದ್ದರು. ಔಷಧಿ ಅಂಗಡಿ ದಾಟುವವರೆಗೆ ಎಲ್ಲ ಸರಿಯಿತ್ತು.

ಮುಂಗಾಲಿನ ತಪ್ಪೂ ಅಲ್ಲ ಅದು. ಅವನ ಹೆಗಲ ಹಿಂದೆ ಅದೇ ಭಾರ. ಕುತ್ತಿಗೆಗೆ ಅದೇ ಮಖಮಲ್ಲು ತಾಗುತ್ತಿದೆ, ಅದೇ ವಾಸನೆ. ಕಣ್ಣು ನೆಲದ ಮೇಲೆ. ಕಾಲುಗಳು ಅವನನ್ನು ಕೇಳದೆ ತಮ್ಮ ಕೆಲಸ ಶುರುಮಾಡಿದವು: ಎರಡು ಹೆಜ್ಜೆ, ಒಂದು ಕುಪ್ಪಳಿಕೆ, ಎರಡು ಹೆಜ್ಜೆ, ಒಂದು ಕುಪ್ಪಳಿಕೆ. ಆ ನಡಿಗೆಯನ್ನು ಪರದೆಯ ಮರೆಯಿಂದ ಸಾವಿರ ಸಲ ನೋಡಿದ ಬಡಗಿಯ ಕಾಲು ತಾನಾಗಿ ಕೂಡಿಕೊಂಡಿತು. ಪರದೆಯವನದೂ ಕೂಡಿತು. ಮಗಳು ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಅಪ್ಪನ ಸೊಂಟ ಹಿಡಿದು ಕಲಿತ ಕುಣಿತ ಅದು. ಅವಳೊಬ್ಬಳೇ ಹೇಗೆ ಹೊರಗುಳಿದಾಳು?

ಪೆಟ್ಟಿಗೆ ಕುಣಿಯುತ್ತ ಹೊರಟಿತು. ಬಾಲ ಎಡಕ್ಕೆ ಬಲಕ್ಕೆ ಬೀಸತೊಡಗಿತು.

"ಅಮ್ಮಾ, ಕುದುರೆ! ಕುದುರೆ ಬೀದಿಗೆ ಬಂದಿದೆ!" ಬಾಲ್ಕನಿಯಿಂದ ಒಂದು ಪುಟ್ಟ ಹುಡುಗಿ ಕೂಗಿದಳು.

ಬ್ರೆಡ್ಡಿನ ಅಂಗಡಿಯವರು ಹೊರಗೆ ಬಂದರು. ಕ್ಷೌರದಂಗಡಿಯಿಂದ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡವನೊಬ್ಬ ಬಂದು ನಿಂತ. ಯಜಮಾನರು ಸದ್ದು ಕೇಳಿ ತಿರುಗಿ ನೋಡಿ ಗಾಬರಿಯಾದರು.

"ಏಯ್! ಏನ್ರೋ ಇದು? ಸಾವಿನ ಮೆರವಣಿಗೆ ಕಣ್ರೋ!"

ಮುಂಗಾಲು ಬೆಚ್ಚಿ ನಿಂತ. ಹಿಂದಿನವರು ನಿಲ್ಲಲಿಲ್ಲ. ಪೆಟ್ಟಿಗೆ ವಾಲಿತು, ಮಗಳು ಭುಜ ಕೊಟ್ಟು ತಡೆದಳು. ಬೀದಿ ಉಸಿರು ಬಿಗಿಹಿಡಿಯಿತು.

"ಅಯ್ಯೋ, ನಿಲ್ಲಿಸಬೇಡ್ರೋ, ಬೀಳಿಸ್ತೀರಾ!" ಯಜಮಾನರೇ ಕೂಗಿದರು. "ಹೆಜ್ಜೆ ಹಿಡೀರಿ. ಹೂಂ, ಒಂದು, ಎರಡು, ಎಗರು! ಒಂದು, ಎರಡು, ಎಗರು!"

ರಸ್ತೆಯುದ್ದಕ್ಕೂ ಚಪ್ಪಾಳೆ ಎದ್ದಿತು. ಯಾರಿಗೂ ತಪ್ಪೆನಿಸಲಿಲ್ಲ. ರಾಣಿಯಮ್ಮ ಎಡಕ್ಕೂ ಬಲಕ್ಕೂ ತಲೆಯಾಡಿಸಿ ಚಪ್ಪಾಳೆಯನ್ನು ಸ್ವೀಕರಿಸುತ್ತ ಬಂದರು. ಮುಂಗಾಲಿನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಾಲು ಮಾತ್ರ ಒಂದು ಹೆಜ್ಜೆಯೂ ತಪ್ಪಲಿಲ್ಲ.

*

ಗುಂಡಿ ತೋಡುವವನು ಸನಿಕೆಯೂರಿ ನಿಂತು ಪೆಟ್ಟಿಗೆಯನ್ನೂ ಅದರ ಮೇಲಿನದನ್ನೂ ನೋಡಿದ.

"ಕುದುರೆನೂ ಇದೆ ಅಂತ ಯಾರೂ ಹೇಳ್ಲೇ ಇಲ್ಲ. ಹೇಳಿದ್ರೆ ಒಂದಿಷ್ಟು ಅಗಲ ತೆಗೀತಿದ್ದೆ."

"ಕುದುರೆ ಬರಲ್ಲ," ಎಂದಳು ದರ್ಜಿ.

"ಬರುತ್ತೆ," ಎಂದ ಮುಂಗಾಲು. ಪೆಟ್ಟಿಗೆಯ ಮೇಲಿಂದ ಕುದುರೆಯನ್ನು ಎತ್ತಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡ. "ಅತ್ತಿಗೆ, ನಿಮಗೆ ಗೊತ್ತಿಲ್ಲ. ಇಷ್ಟು ವರ್ಷ ಬೆಳಕು ಪೂರ್ತಿ ನಾನೇ ತಗೊಂಡೆ. ಅವನು ನನ್ನ ಬೆನ್ನು ನೋಡ್ಕೊಂಡು ಕತ್ತಲಲ್ಲಿ ಬದುಕು ಕಳೆದ. ಒಂದು ದಿನಕ್ಕಾದ್ರೂ ಅವನನ್ನ ಮುಂದೆ ಕಳಿಸ್ಲಿಲ್ಲ ನಾನು. ಈಗ ಇನ್ನೊಬ್ಬನನ್ನ ಆ ಕತ್ತಲಿಗೆ ನೂಕಿ ನಾನು ಬೆಳಕಲ್ಲಿ ಕುಣೀಲಾ? ಇದು ಇಲ್ಲಿಗೇ ಮುಗೀಬೇಕು."

ಈ ಸಲ ಯಜಮಾನರು, ಎದುರಿಗೆ ನಿಂತವನು ಅವನೇ ಆದರೂ, ಹೂಂ ಎನ್ನಲಿಲ್ಲ.

ದರ್ಜಿ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ, ಮುಚ್ಚಳದ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿದಳು. "ಮಣ್ಣಾಗೋವರೆಗೂ ಅಂದಿದ್ದೆ. ಸ್ವಲ್ಪ ಮುಂಚೆ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮ ಸ್ನೇಹಿತ ಬಿಡ್ತಾ ಇಲ್ಲ."

ಆಮೇಲೆ ಮುಂಗಾಲಿನ ಕಡೆ ತಿರುಗಿದಳು.

"ಒಳಗೆ ಹೋಗು. ಮುಂದಕ್ಕಲ್ಲ, ಹಿಂದಕ್ಕೆ."

"ಏನಂದ್ರಿ?"

"ಕಿವಿ ಕೇಳಿಸಲ್ವಾ? ಹಿಂದಕ್ಕೆ ಹೋಗು. ಬಗ್ಗು. ಎಡಗಡೆಗೆ ತಿರುಗಿ ನೋಡು."

ಅವಳ ದನಿ ಮಕ್ಕಳಿಗೆ ಔಷಧಿ ಕುಡಿಸುವ ದನಿ. ಅವನು ಬಾಯಿ ಮುಚ್ಚಿಕೊಂಡು ಮಖಮಲ್ಲಿನ ಹಿಂದಿನ ಅರ್ಧದೊಳಗೆ ನುಸುಳಿ ಬಗ್ಗಿದ. ಕುದುರೆಯ ಸೊಂಟ ಎತ್ತರಕ್ಕೆ ಎದ್ದಿತು, ತಲೆ ಖಾಲಿಯಾಗಿ ಹುಲ್ಲಿನ ಮೇಲೆ ಬಿದ್ದಿತ್ತು. ಒಂಟೆ ಎಂದಿದ್ದು ಸುಳ್ಳಾಗಿರಲಿಲ್ಲ.

"ಕತ್ತಲು," ಎಂದಿತು ಒಳಗಿನ ದನಿ.

"ಎಡಗಡೆ ಒಂದು ಟಿಚ್ ಬಟನ್ ಇದೆ. ಎಳಿ."

ಟಿಚ್.

ಬಿಳಿ ಮಚ್ಚೆಯ ಮೇಲಂಚು ಬಿಟ್ಟುಕೊಂಡಿತು. ಎರಡು ಬೆರಳಗಲದ ಒಂದು ಕಿಂಡಿ. ಕಿಂಡಿಯಲ್ಲಿ ಮುಂಗಾಲಿನ ಕಣ್ಣು ಕಾಣಿಸಿಕೊಂಡಿತು.

ಕಣ್ಣು ಅತ್ತಿಂದಿತ್ತ ಓಡಾಡುತ್ತಿತ್ತು: ಯಜಮಾನರು, ರಾಣಿಯಮ್ಮ, ಹಲ್ಲಿನ ಡಾಕ್ಟರು, ಹಿಂಬಾಲಿಸಿ ಬಂದಿದ್ದ ಬೀದಿಯ ಮಕ್ಕಳು.

"ಅತ್ತಿಗೆ... ಎಲ್ಲ ಕಾಣುತ್ತೆ."

"ಕಾಣದೆ? ನಾನೇ ಹೊಲಿದಿದ್ದು. ಮೊದಲನೇ ವರ್ಷ ಅಲ್ಲಿ ಹೊಲಿಗೆ ಬಿಟ್ಟಿತ್ತು. ಮುಚ್ತೀನಿ ಅಂದ್ರೆ, ಬೇಡ ಕಣೇ, ಅಲ್ಲಿಂದ ಮಕ್ಕಳ ಮುಖ ಕಾಣ್ತವೆ ಅಂದ್ರು. ಮೇಲೆ ಒಂದು ಮಚ್ಚೆ ಇಟ್ಟು ಬಟನ್ ಹಾಕಿಕೊಟ್ಟೆ."

"ಅದಕ್ಕೇ ಎಡಮಗ್ಗುಲು!"

"ಅದಕ್ಕೇ."

"ಟಿಚ್ ಅನ್ನೋದು ಮೊಣಕಾಲು ಅಂತ... ಅಷ್ಟೊಂದು ಎಣ್ಣೆ ತಂದುಕೊಟ್ಟೆನಲ್ಲ ನಾನು!"

"ಹೊಲಿಗೆ ಮಷಿನ್ನಿಗೆ ಬಿಡ್ತಿದ್ದೆ. ಒಳ್ಳೆ ಎಣ್ಣೆ. ಇನ್ನೂ ಅರ್ಧ ಬಾಟಲಿ ಇದೆ."

"ಕಳ್ಳ!" ಎಂದಿತು ಕುದುರೆಯ ಹಿಂಭಾಗ. "ಕಳ್ಳ ನನ್ನ ಮಗ! ನನಗೆ ಅಲ್ಲಿ ಸೀಮೆಸುಣ್ಣದ ಗುರುತು ಬಿಟ್ರೆ ಏನೂ ಕಾಣ್ತಿರಲಿಲ್ಲ ಅತ್ತಿಗೆ. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮುಖ ನೋಡಿಲ್ಲ ನಾನು!"

"ಅದೇ ಅವರಿಗೆ ಸಂಕಟ. 'ಪಾಪ, ಅವನಿಗೆ ಬರೀ ನೆಲ. ಗೊತ್ತಾದ್ರೆ ಹಿಂದಕ್ಕೆ ಬರ್ತೀನಿ ಅಂತಾನೆ. ನಾನು ಇರೋವರೆಗೂ ಹೇಳಬೇಡ, ಹೋದ ಮೇಲೆ ಈ ಜಾಗ ಅವನಿಗೇ' ಅಂತ ಮಾತು ತಗೊಂಡಿದ್ರು. ಒಂಟೆ ಅಂತ ಅಂದಿದ್ದಕ್ಕೆ ಮಾತ್ರ ಬೇಜಾರು ಮಾಡ್ಕೋಬೇಡ. ಅದು ನಿಜವೇ."

ಮೊದಲು ನಕ್ಕಿದ್ದು ಕುದುರೆಯೋ ದರ್ಜಿಯೋ ತಿಳಿಯಲಿಲ್ಲ. ಆಮೇಲೆ ಎಲ್ಲರೂ. ಗುಂಡಿ ತೋಡುವವನು ಸನಿಕೆ ಬಿಟ್ಟು ಪಕ್ಕೆ ಹಿಡಿದುಕೊಂಡ. ಹಲ್ಲಿನ ಡಾಕ್ಟರು ಬಾಯಿಗೆ ಕೈ ಅಡ್ಡ ಇಡಲು ಹೋಗಿ, ಕಿಂಡಿಯಲ್ಲಿನ ಕಣ್ಣು ತಮ್ಮನ್ನೇ ನೋಡುತ್ತಿರುವುದು ಕಂಡು, ಕೈ ಇಳಿಸಿ ನಕ್ಕರು.

ಪೆಟ್ಟಿಗೆಯೊಂದೇ ಕೆಳಗಿಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕುದುರೆಯ ಹೊಟ್ಟೆಯ ಕೆಳಗಿನಿಂದಲೂ ಒಂದು ಉದ್ದನೆಯ ಕೈ ಹೊರಬಂದು ಒಂದು ಹಿಡಿ ಹಾಕಿತು, ಮತ್ತೆ ಒಳಗೆ ಹೋಯಿತು.

"ಆಚೆ ಬಾರಪ್ಪ ಇನ್ನು," ಎಂದರು ಯಜಮಾನರು.

"ಇಲ್ಲೇ ಇರ್ತೀನಿ ಸಾರ್. ಜನ ಕಾಣ್ತಾರೆ."

"ಹಾಗಾದ್ರೆ ಮನೆಗೆ ಹೇಗೆ ಬರ್ತೀಯ? ತಲೆ ನೆಲದ ಮೇಲಿದೆಯಲ್ಲೋ."

ಮಗಳು ಕೈಯ ಮಣ್ಣು ಕೊಡವಿಕೊಂಡಳು. ಹುಲ್ಲಿನ ಮೇಲೆ ಬಿದ್ದಿದ್ದ ಕುದುರೆಯ ತಲೆಯನ್ನು ಎತ್ತಿ, ಒಳಗೆ ಹೊಕ್ಕು, ಅಲ್ಲಿನ ಬೆಲ್ಟನ್ನು ಸೊಂಟಕ್ಕೆ ಬಿಗಿದು, ಕಿವಿ ಸರಿಮಾಡಿಕೊಂಡಳು. "ಮುಂದೆ ನೋಡ್ಕೊಂಡು ಹೋಗೋದು ನನಗೇನು ಹೊಸದಾ? ಹಿಂದೆ ಕೂತವರು ಗಟ್ಟಿಯಾಗಿ ಹಿಡ್ಕೊಳ್ಳಿ ಅಷ್ಟೇ."

ಅವಳ ಸೊಂಟದ ಬೆಲ್ಟನ್ನು ಯಾರೋ ಒಮ್ಮೆ ಮೆಲ್ಲಗೆ ಅದುಮಿದರು. ಆಮೇಲೆ ಎರಡು ಸಲ ಎಳೆದರು.

ಕುದುರೆ ಗೇಟು ದಾಟಿ ಬೀದಿಗೆ ಬಂತು. ಹಿಂದಿನ ಕಾಲು ಉದ್ದ, ಮುಂದಿನದು ಗಿಡ್ಡ. ನಡಿಗೆ ಎಲ್ಲೋ ಸ್ವಲ್ಪ ಇಳಿಜಾರು. ಅದರ ಎಡಕ್ಕೆ ದರ್ಜಿ ನಡೆಯುತ್ತಿದ್ದಳು. ಬಿಟ್ಟುಕೊಂಡ ಬಿಳಿ ಮಚ್ಚೆಗೆ ಅಡ್ಡ ಬಾರದ ಹಾಗೆ ಒಂದು ಹೆಜ್ಜೆ ಹಿಂದೆಯೇ ಉಳಿದಿದ್ದಳು. ಬಾಲ್ಕನಿಯ ಪುಟ್ಟ ಹುಡುಗಿ ಇನ್ನೂ ಅಲ್ಲೇ ಇದ್ದಳು. ಕಂಬಿಗಳ ನಡುವೆ ಮುಖವಿಟ್ಟು ಎರಡೂ ಕೈ ಬೀಸಿದಳು.

ಕುದುರೆ ಗಕ್ಕನೆ ನಿಂತು, ಓರೆಯಾಗಿ, ಎಡಮಗ್ಗುಲನ್ನು ಅವಳ ಕಡೆಗೆ ತಿರುಗಿಸಿತು. ಒಳಗೆ ಯಾರೋ ಕತ್ತಲಲ್ಲಿ ಬಾಲದ ದಾರಕ್ಕೆ ತಡಕಾಡಿದರು. ಸ್ವಲ್ಪ ತಡವಾಗಿ, ಬಾಲ ಅಲ್ಲಾಡಿತು.